ನಾಲ್ಕೂ ಬಾಗಿಲು ಒಮ್ಮೆಗೇ

ಸೇಡಂ
ಶನಿವಾರ, ೨೩-೪-೨೦೦೫

ಪ್ರೀತಿಯ ಧನಶ್ರೀಗೆ ನಿನ್ನ ಅಮ್ಮನ ಆಶೀರ್ವಾದ.

ನಿನ್ನ ಸೊಂಟನೋವು ಹೇಗಿದೆ? ಮುಂಜಿಯ ಮನೆಯೆಂದು ಡಬ್ಬಿ ಹೊರುವುದು, ಮಂಚ ಎಳೆಯುವುದು ಮಾಡಬೇಡ. ಕೌಸ್ತುಭನ ಕೆಮ್ಮು ನಿಂತಿತೋ ಇಲ್ಲವೋ? ಅಕ್ಷಯ ತದಿಗೆಯ ದಿನ ಗಾಯತ್ರಿ ಹೇಳಬೇಕಾದ ಗಂಟಲು ಅದು, ಐಸ್‌ಕ್ರೀಂ ಕೊಡಬೇಡ. ಇಲ್ಲಿ ನಾನೂ ಸೊಸೆ ಶುಭಾಳೂ ಕ್ಷೇಮ. ಬಿಸಿಲು ಮಾತ್ರ ವಿಪರೀತ. ಅಂಗಳದ ಶಹಾಬಾದ ಕಲ್ಲು ಹತ್ತು ಗಂಟೆಗೇ ಹಂಚಿನಂತೆ ಕಾಯುತ್ತದೆ.

ಹೋದ ವಾರ ನೀನು ಫೋನಿನಲ್ಲಿ, ನಾನೊಬ್ಬಳೇ ವಾಡಿಯಿಂದ ರೈಲು ಹತ್ತಿ ಬರಬೇಕು, ಶುಭಾ ಮುಂಜಿಗೆ ಬರುವುದು ಬೇಡ, ಗಂಡ ಹೋದವಳು ಮಂಗಳಕಾರ್ಯದಲ್ಲಿ ಓಡಾಡಿದರೆ ನಿನ್ನ ಅತ್ತೆಯವರಿಗೆ ಸರಿಬರುವುದಿಲ್ಲ ಎಂದೆ. ನಾನು ಹೂಂ ಎಂದೆ. ಫೋನಿನಲ್ಲಿ ನನಗೆ ಹೂಂ ಬಿಟ್ಟು ಬೇರೆ ಮಾತು ಬರುವುದಿಲ್ಲ, ನಿನಗೇ ಗೊತ್ತು. ಏಳನೆಯ ಇಯತ್ತೆಯವರೆಗೆ ಓದಿದವಳು, ಹೇಳುವುದಕ್ಕಿಂತ ಬರೆಯುವುದೇ ನನಗೆ ಸುಲಭ. ಇನ್ನೊಂದು ಕಾರಣವೂ ಇದೆ. ನಿನ್ನ ಅತ್ತೆಯ ತಂಗಿ ಗೋದಾವರಿಬಾಯಿ ಇನ್ನು ಎಂಟು ದಿನಕ್ಕೆ ಸೊಲ್ಲಾಪುರಕ್ಕೆ ನಿಮ್ಮಲ್ಲಿಗೆ ಬರುತ್ತಾರೆ. ಮೊನ್ನೆ ಮಳಖೇಡದಲ್ಲಿ ನಡೆದದ್ದನ್ನು ಅವರ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳು.

ಶುಭಾ ಕಾರು ತಂದದ್ದು ನಿನಗೆ ಗೊತ್ತೇ ಇದೆ. ಹಿಂದೆ ಡಿಕ್ಕಿ ಉದ್ದವಿಲ್ಲದ, ಮೊಟಕು ಬಾಲದ ಬಿಳಿ ಕಾರು. ನಮ್ಮ ಅಭಯ ಹೋದ ಮೇಲೆ ಅವಳು ತವರಿಗೆ ಹೋಗಬಹುದಿತ್ತು. ಹೋಗಲಿಲ್ಲ. ಮಳಖೇಡದ ಪಕ್ಕದ ಆದಿತ್ಯನಗರದಲ್ಲಿ ಅವನ ಆಫೀಸಿನಲ್ಲೇ ಕೆಲಸಕ್ಕೆ ನಿಂತಳು. ಎರಡು ವರ್ಷ ಬಸ್ಸಿನಲ್ಲಿ ನಿಂತು ಓಡಾಡಿದಳು. ಅಭಯನನ್ನು ಜೀಪಿನಲ್ಲಿ ಕರೆದೊಯ್ಯುತ್ತಿದ್ದ ಮಶಾಕ ಸಾಹೇಬರೇ ಅವಳಿಗೆ ಡ್ರೈವಿಂಗ್ ಕಲಿಸಿದರು. ಅಭಯ ಹೋದಾಗಿನಿಂದ ನಾನು ದಿನಚರಿಯಲ್ಲಿ ಬಿಸಿಲು, ಮೋಡ ಎಂದಷ್ಟೇ ಬರೆಯುತ್ತಿದ್ದೆ. ಕಾರು ಬಂದ ದಿನ ಒಂದು ಪುಟ ತುಂಬಿತು.

ಈ ಕಾರಿಗೆ ಸೆಂಟ್ರಲ್ ಲಾಕ್ ಇದೆ. ಡ್ರೈವರ್ ಕಡೆಯ ಬಾಗಿಲಿಗೆ ಕೀಲಿ ತಿರುವಿದರೆ ನಾಲ್ಕೂ ಬಾಗಿಲಿನ ಲಾಕು ಟಕ್ಕೆಂದು ಒಮ್ಮೆಗೇ ಬೀಳುತ್ತವೆ. ನನಗೆ ಅದರಲ್ಲಿ ನಂಬಿಕೆಯೇ ಬರದು. ಶುಭಾ ಕೀಲಿ ಹಾಕಿದ ಮೇಲೆ ನಾನು ಸುತ್ತು ಬಂದು ನಾಲ್ಕೂ ಹಿಡಿಕೆ ಜಗ್ಗಿ ನೋಡುತ್ತೇನೆ. ಅವಳು ಚೀಲ ಹಿಡಿದು ನಿಂತಿರುತ್ತಾಳೆ. ಎದುರುಮನೆಯ ಅಮೀರ್‌ಬೀ ಸುಮ್ಮನಿರುತ್ತಾಳೆಯೇ? "ಬಾಯಿ, ಒಳಗ ಗಿಳಿ ಸಾಕೀರೇನು? ಹಾರಿ ಹೋಗ್ತದಂತ ದಿನಾ ಜಗ್ಗಿ ನೋಡಾಕತ್ತೀರಿ" ಎಂದು ಕೇಳಿದಳು. ನನಗೂ ನಗು ಬಂತು. ಬಹಳ ದಿನದ ಮೇಲೆ ಬಂತು.

ಮೊನ್ನೆ ಗುರುವಾರ ದ್ವಾದಶಿ. ಬೆಳಿಗ್ಗೆ ಬೇಗನೆ ಮಳಖೇಡಕ್ಕೆ ಹೋಗಿ, ಕಾಗಿಣಾದಲ್ಲಿ ಸ್ನಾನ ಮಾಡಿ, ಮಠದಲ್ಲಿ ದರ್ಶನ, ತೀರ್ಥ ಮುಗಿಸುವುದು; ಅವಳು ಅಲ್ಲಿಂದಲೇ ಆಫೀಸಿಗೆ ಹೋಗುವುದು ಎಂದು ಮಾತಾಗಿತ್ತು. ಕಾರನ್ನು ಹೊಳೆಯ ದಂಡೆಯ ಮೇಲೆ ನಿಲ್ಲಿಸಿದಳು. ಹಿಂದಿನ ಸೀಟಿನಲ್ಲಿ ತುಳಸಿಯ ಬುಟ್ಟಿ, ಅವಳ ಆಫೀಸಿನ ಸೀರೆ. ತುಳಸಿ ಬಾಡಬಾರದೆಂದು ಹಿಂದಿನ ಗಾಜು ಎರಡು ಬೆರಳು ಇಳಿಸಿದ್ದೆವು. ಮೊದಲು ನಾನು ಮುಳುಗಿ ಮಡಿಯಲ್ಲಿ ಬಂದು ನಿಂತೆ. ಅವಳು ಸ್ನಾನಕ್ಕೆ ಹೊರಟಾಗ ಕೀಲಿಯನ್ನು ನನ್ನ ಕಡೆ ಚಾಚಿದಳು. ಅಂಗಡಿಯವರು ಕೊಟ್ಟ ಕೀಲಿಯ ಚೀಲ ಚರ್ಮದ್ದು. ಮಡಿಯಲ್ಲಿ ಹೇಗೆ ಮುಟ್ಟಲಿ? ಸೀಟಿನ ಮೇಲೆ ಇಡು ಎಂದೆ. ಅವಳು ಇಟ್ಟು, ಡ್ರೈವರ್ ಕಡೆಯ ಬಾಗಿಲು ತೆರೆದೇ ಇರಲೆಂದು ಹೇಳಿ ಹೊಳೆಗೆ ಇಳಿದಳು.

ಅಷ್ಟರಲ್ಲಿ ಎರಡು ಮೇಕೆ ತುಳಸಿಯ ವಾಸನೆಗೆ ಬಂದು ತೆರೆದ ಬಾಗಿಲಿಗೆ ಮೂತಿ ಇಟ್ಟವು. ನಾನು ಹಚಾ ಎಂದು ಬಾಗಿಲು ಹಾಕಿದೆ. ಬರೀ ಹಾಕಿದ್ದರೆ ಚಿಂತೆಯಿರಲಿಲ್ಲ. ಅಭಯನ ಜೀಪಿನಲ್ಲಿ ಕಲಿತ ಕೈ ನೋಡು, ಒಳಗಿನ ಗುಂಡಿ ಒತ್ತಿ, ಹಿಡಿಕೆ ಎತ್ತಿ ಹಿಡಿದು ಹಾಕಿತು. ಆ ಜೀಪಿನಲ್ಲಿ ಒಂದು ಬಾಗಿಲಿಗೆ ಹಾಕಿದ ಲಾಕು ಅದೊಂದಕ್ಕೇ. ಇಲ್ಲಿ ನಾಲ್ಕೂ ಬಿದ್ದವು. ಕೀಲಿ ಒಳಗೆ, ಸೀರೆ ಒಳಗೆ. ಇನ್ನೊಂದು ಕೀಲಿ ಸೇಡಂನ ಮನೆಯಲ್ಲಿ.

ಶುಭಾ ತೊಯ್ದ ಸೀರೆಯಲ್ಲಿ ಮೇಲೆ ಬಂದಾಗ ಹತ್ತು ಜನ ಸೇರಿದ್ದರು. ಅವರಲ್ಲಿ ಗೋದಾವರಿಬಾಯಿಯೂ ಇದ್ದರು. ಕಾರು ಯಾರದೆಂದು ಪಕ್ಕದವರು ಕೇಳಿದರೆ, "ನಮ್ಮ ಬೀಗರದು. ಮಗ ಹೋದ, ಸೊಸಿ ಕಾರ್ ತಂದ್ಲು" ಎಂದರು, ನನಗೆ ಕೇಳುವಂತೆ. ಚಹಾದಂಗಡಿಯ ಶರಣಬಸಪ್ಪ ಗಾಜು ಒಡೆಯಲು ಕಲ್ಲು ಹಿಡಿದು ನಿಂತಿದ್ದ. ನಾನು ಸುತ್ತು ಬಂದು ಹಿಡಿಕೆ ಜಗ್ಗುತ್ತಲೇ ಇದ್ದೆ, ಧನೂ.

ಶುಭಾ ಒಮ್ಮೆ ಕಾರಿನ ಕಡೆ, ಒಮ್ಮೆ ನನ್ನ ಕಡೆ ನೋಡಿದಳು. ಅವಳಿಗೆ ತಿಳಿಯಿತು. ಆದರೂ ಎಲ್ಲರಿಗೆ ಕೇಳುವಂತೆ, "ತಪ್ಪು ನಂದರಿ. ಅವಸರದಾಗ ನಾನೇ ಲಾಕ್ ಮಾಡಿ ಹೋದೆ" ಎಂದಳು. ಕಲ್ಲು ಕೆಳಗಿಡಿಸಿ, ಶರಣಬಸಪ್ಪನಿಂದ ಒಂದು ಮೊಳ ತಂತಿ ತರಿಸಿಕೊಂಡಳು. ತುದಿಗೆ ಕುಣಿಕೆ ಮಾಡಿ, ಆ ಎರಡು ಬೆರಳ ಸಂದಿಯಿಂದ ಇಳಿಬಿಟ್ಟಳು. ಎರಡು ಸಲ ಜಾರಿತು. ಯಾರೋ ನಕ್ಕರು. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಅವಳ ಕೈ ಮಾತ್ರ ಅಲುಗಲಿಲ್ಲ. ಮೂರನೆಯ ಸಲಕ್ಕೆ ಕುಣಿಕೆ ಗುಂಡಿಗೆ ಸಿಕ್ಕಿ ಹಿಂದಿನ ಬಾಗಿಲು ತೆರೆಯಿತು. ನಕ್ಕವರೇ ಶಭಾಷ್ ಎಂದರು.

ಅವಳು ಒಳಗೆ ಬಗ್ಗುವ ಮೊದಲೇ ನಾನು ಮುಂದೆ ಹೋಗಿ, ಆ ಚರ್ಮದ ಚೀಲವನ್ನು ಕೀಲಿಯ ಸಮೇತ ಕೈಯಲ್ಲಿ ಹಿಡಿದೆ. ನಿನ್ನ ಅಪ್ಪ ಹೋದಾಗಿನಿಂದ ಮಡಿಯಲ್ಲಿ ನಾನು ಇಂಥದ್ದನ್ನು ಮುಟ್ಟಿದವಳಲ್ಲ. "ಬಾಗಿಲಾ ಹಾಕಿದಾಕಿ ನಾನು. ಆಕಿ ನನ್ನ ಮಾನ ಕಾಯಲಿಕತ್ತಾಳ" ಎಂದೆ. ಅಷ್ಟು ಜನರ ಮುಂದೆ ಮಾತಾಡಿದ್ದು ಅದೇ ಮೊದಲು.

"ವೈನಿ, ಮಡ್ಯಾಗ ಚರ್ಮ ಮುಟ್ಟಿದ್ರಲ್ಲ" ಎಂದರು ಗೋದಾವರಿಬಾಯಿ.

"ಹೊಳಿ ಇಲ್ಲೇ ಅದ. ಇನ್ನೊಂದು ಮುಳುಗು ಹಾಕ್ತೀನಿ" ಎಂದೆ.

ಹಾಗೇ ಮಾಡಿದೆ. ಶುಭಾ ಮಠದವರ ಮನೆಯಲ್ಲಿ ಸೀರೆ ಬದಲಿಸಿ, ನನ್ನ ಜೊತೆ ತೀರ್ಥ ತೆಗೆದುಕೊಂಡು, ಹತ್ತೇ ನಿಮಿಷ ತಡವಾಗಿ ಆಫೀಸು ಮುಟ್ಟಿದಳು. ನಾನು ಬಸ್ಸಿನಲ್ಲಿ ಮನೆಗೆ ಬಂದೆ. ಸಂಜೆ ಬಂದು ಪಕ್ಕದಲ್ಲಿ ಕುಳಿತು, ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ನಾಲ್ಕು ಸಲ ತೋರಿಸಿದಳು. ಈಗ ನಾನೇ ಲಾಕ್ ಮಾಡುತ್ತೇನೆ. ಹೆತ್ತ ಮಗಳ ಬಗ್ಗೆ ಪಡುವ ಹೆಮ್ಮೆ ನನಗೆ ಅವಳ ಬಗ್ಗೆ ಇದೆ. ನೀನು ಬೇಸರ ಮಾಡಿಕೊಳ್ಳಬೇಡ, ಒಬ್ಬಳಿಗೆ ಕೊಟ್ಟರೆ ಇನ್ನೊಬ್ಬಳಿಗೆ ಕಡಿಮೆಯಾಗುವ ವಸ್ತುವಲ್ಲ ಅದು.

ನಿನ್ನ ಧಾರೆಯ ಹೊತ್ತಿಗೆ ನಾನು ಉಗ್ರಾಣದಲ್ಲಿ ತೆಂಗಿನಕಾಯಿಗಳ ನಡುವೆ ಕುಳಿತಿದ್ದೆ. ಮಂತ್ರ ಗೋಡೆಯಾಚೆಯಿಂದ ಕೇಳಿತು. ಯಾರೂ ನೂಕಿರಲಿಲ್ಲ, ನಾನೇ ಹೋಗಿ ಕುಳಿತಿದ್ದೆ. ಆಗ ಅದೇ ಸರಿ ಎನಿಸಿತ್ತು.

ಅಳಿಯಂದಿರಿಗೂ ನಿನ್ನ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ಕೌಸ್ತುಭನ ತಲೆಯ ಮೇಲೆ ನನ್ನ ಕೈ ಇಟ್ಟಂತೆ ನೀನು ಒಮ್ಮೆ ಇಡು. ರಾಯರು ನಿಮ್ಮನ್ನು ಕಾಯಲಿ.

ನಿನ್ನ ಅಮ್ಮ
ರುಕ್ಮಿಣಿಬಾಯಿ

ತಾ.ಕ.: ಟಪಾಲು ತೆಗೆಯುವವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನನಗೆ ರೈಲು ಬೇಡ. ಮುಂಜಿಯ ಹಿಂದಿನ ದಿನ ನಾವಿಬ್ಬರೂ ಕಾರಿನಲ್ಲಿ ಬರುತ್ತೇವೆ, ಶುಭಾ ನಡೆಸುತ್ತಾಳೆ. ಕೌಸ್ತುಭನಿಗೆ ಸೋದರಮಾವ ಕೊಡಬೇಕಾದ ಪಂಚೆ, ಬೆಳ್ಳಿಯ ಲೋಟ ತಂದಿಟ್ಟಿದ್ದೇನೆ. ಅಭಯನಿಲ್ಲ, ಆದ್ದರಿಂದ ಅವನ್ನು ಮಂಟಪದಲ್ಲಿ ಎಲ್ಲರ ಮುಂದೆ ಶುಭಾಳೇ ತನ್ನ ಕೈಯಿಂದ ಕೊಡುತ್ತಾಳೆ. ನಾನು ಅವಳ ಪಕ್ಕದಲ್ಲಿ ಇರುತ್ತೇನೆ. ಇದು ನಿಮ್ಮ ಮನೆಯಲ್ಲಿ ನಡೆಯುವುದಿಲ್ಲ ಎಂದಾದರೆ ಈಗಲೇ ಒಂದು ಕಾರ್ಡು ಹಾಕು. ಸುಮ್ಮನೆ ಸೊಲ್ಲಾಪುರದ ತನಕ ಪೆಟ್ರೋಲು ಸುಡುವುದು ಬೇಡ.