ಗಿರಣಿಯ ಸೈರನ್

ಅಪ್ಪಾ,

ನೀವೀಗ ಬದುಕಿಲ್ಲದಿದ್ದರೂ ವರದಿ ಒಪ್ಪಿಸುತ್ತಿದ್ದೇನೆ. ಊರಿನ ಸುದ್ದಿಯೆಲ್ಲ ಮೊದಲು ನಿಮ್ಮ ಕಿವಿಗೇ ಬೀಳಬೇಕಿತ್ತಲ್ಲ.

ನೂಲಿನ ಗಿರಣಿಯ ಹಳೇ ಸೈರನ್ನನ್ನು ನಿಮ್ಮ ಸಮಿತಿಯವರು ಗುಜರಿಯಿಂದ ತಂದು ಪ್ರಾರ್ಥನಾ ಮಂದಿರದ ಮೇಲೆ ಕೂರಿಸಿದ್ದಾರೆ. ಜನರನ್ನು ಪ್ರಾರ್ಥನೆಗೆ ಕರೆಯಲು ಇವತ್ತು ಬೆಳಿಗ್ಗೆ ಮೊದಲ ಸಲ ಕೂಗಿಸಿದರು.

ಹೆಂಗಸರು ಗಂಡಸರ ಪಕ್ಕ ನಿಂತು ದುಡಿದರೆ ಧರ್ಮ ಕೆಡುತ್ತದೆಂದು ಅಂದು ನೀವು ಗಿರಣಿಯ ಗೇಟಿಗೆ ಅಡ್ಡ ನಿಂತಿರಿ. ನೂಲುವ ಕೈಗಳೆಲ್ಲ ಹೆಂಗಸರದೇ ಆಗಿದ್ದವು. ಮಾಲೀಕರು ಯಂತ್ರ ಕಿತ್ತುಕೊಂಡು ಹೋದರು. ಅವರ ಹಿಂದೆಯೇ ಬ್ಯಾಂಕು ಹೋಯಿತು, ಬಸ್ಸು ನಿಂತಿತು. ನಿಮ್ಮ ಜೊತೆ ಘೋಷಣೆ ಕೂಗಿದ ಹುಡುಗರು ಈಗ ಬೇರೆ ಊರಿನ ಗಿರಣಿಗಳಲ್ಲಿ ಹೆಂಗಸರ ಪಕ್ಕವೇ ದುಡಿಯುತ್ತಿದ್ದಾರೆ. ಇಲ್ಲಿ ಧರ್ಮವೊಂದೇ ಕ್ಷೇಮವಾಗಿದೆ.

ಸೈರನ್ ಕೂಗಿದಾಗ ಅಮ್ಮ ಒಲೆಯ ಮುಂದಿದ್ದಳು. ಗಡಬಡಿಸಿ ಎದ್ದು, ಗಿರಣಿಗೆ ಹೋಗುವಾಗಿನಂತೆ ತಲೆಗೆ ಬಟ್ಟೆ ಬಿಗಿದು, ಖಾಲಿ ಡಬ್ಬಿ ಎತ್ತಿಕೊಂಡು ಬಾಗಿಲಿಗೆ ಓಡಿದಳು.

"ಎಲ್ಲಿಗಮ್ಮಾ?" ಎಂದೆ.

"ಹೊತ್ತಾಯ್ತು ಕಣೇ," ಎಂದವಳು ಹೊಸಿಲಲ್ಲೇ ನಿಂತುಬಿಟ್ಟಳು.

ಎದುರುಮನೆ ಬಾಗಿಲಲ್ಲಿ ಅತ್ತೆಯೂ ಹಾಗೇ ನಿಂತಿದ್ದರು. ಅವರ ಪಕ್ಕದ ಮನೆಯವರೂ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ನಿಮ್ಮ ಮಂದಿರದ ಕರೆಗೆ ಇಡೀ ಬೀದಿಯ ಹೆಂಗಸರು ಒಟ್ಟಿಗೆ ಹೊರಗೆ ಬಂದದ್ದು ಇದೇ ಮೊದಲು, ಅಪ್ಪಾ. ಎಲ್ಲರ ಕೈಯಲ್ಲೂ ಊಟದ ಡಬ್ಬಿ ಇತ್ತು.