ತೊರೆಗಲ್ಲಿನ ಕೆರೆಯ ಕಡಲಾಮೆಗಳು

ತೊರೆಗಲ್ಲು ಪುರಸಭೆ,
ಹದಿಮೂರನೆಯ ತಿಂಗಳ ಒಂಬತ್ತು, 2319

ಪರಿಸರ ಅಭಿಯಂತರರಾದ ಶ್ರೀ ಚನ್ನವೀರಯ್ಯನವರಿಗೆ,

ತಾರೀಖು ನೋಡಿ ಕನ್ನಡಕ ಒರೆಸಿಕೊಳ್ಳಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದದ್ದರಿಂದ ನಾವು ಇನ್ನೊಂದನ್ನು ಸೇರಿಸಿಕೊಂಡೆವು. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಡತ ಓದಿ ನಾನೂ ಕಡಿಮೆ ಬೆರಗಾಗಿಲ್ಲ. ಇದು ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಒಂದೇ ಹಾಳೆ ಒಯ್ಯುತ್ತದೆ, ಉತ್ತರ ತರುವುದಿಲ್ಲ. ಶುಕ್ರವಾರ ನಿಮ್ಮ ಮೇಜಿಗೆ ತಲುಪಬೇಕು.

ನಾನು ನಿಮ್ಮದೇ ಹುದ್ದೆಯಲ್ಲಿ ಸುಮಾರು ಮುನ್ನೂರು ವರ್ಷ ತಡವಾಗಿ ಕೂತವಳು. ಪರಿಸರ ಪರಿಣಾಮ ವರದಿ ತಯಾರಿಸುವುದೇ ಕೆಲಸ. ಪರಿಸರದಲ್ಲಿ ನಮಗೆ 'ಪರಿ' ಉಳಿದಿದೆ, 'ಸರ' ಬತ್ತಿದೆ. ನಿಯಮಗಳಿಗೆ ಮಾತ್ರ ಬರವಿಲ್ಲ. ಚರಂಡಿ ತೋಡುವುದಿದ್ದರೂ ವರದಿಗಾರರು ಆ ಜಾಗದಲ್ಲಿ 'ಕೂರುವರ್ಷ' ಕಳೆಯಬೇಕು: ಹದಿಮೂರು ತಿಂಗಳು ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಕೂತು ಕಂಡದ್ದನ್ನು ಬರೆದು, ವಾರ್ಡಿನ ಜನರ ಮುಂದೆ ಗಟ್ಟಿಯಾಗಿ ಓದಬೇಕು. ಕಳೆದ ವರ್ಷ ನನಗೆ ಕಂಡದ್ದು ಇರುವೆ, ಹಲ್ಲಿ, ಒಂದು ಕಾಗೆ. ಕಾಗೆ ಎರಡನೆಯ ಸಲ ಬಂದಾಗ ಬೇರೆ ಕಾಗೆಯೆಂದು ಬರೆಯುವ ಆಸೆಯಾಯಿತು. ಬರೆಯಲಿಲ್ಲ.

ಬತ್ತಿದ ಕೆರೆಗೆ ಕಾಲುವೆಯ ನೀರು ಬಿಡಬೇಕಾದರೆ ನಮ್ಮ ಕಾಯ್ದೆ 'ಇದ್ದಪಟ್ಟಿ' ಕೇಳುತ್ತದೆ. ಆ ಕೆರೆಯ ಮೊಟ್ಟಮೊದಲ ವರದಿಯಲ್ಲಿ ಯಾವ ಜೀವಿಗಳಿದ್ದವೋ ಅವುಗಳ ಪಟ್ಟಿ. ಅವು ಮತ್ತೆ ಅಲ್ಲಿ ಬದುಕಬಲ್ಲವೆಂದು ತೋರಿಸಿದರೆ ನೀರು. ನೆರೆಯೂರು ಬಿದರಕಟ್ಟೆಯ ಅಂದಿನ ಅಭಿಯಂತರರು ದಂಡೆಯ ಮೇಲೆ ಕೂತು ಅರವತ್ತನಾಲ್ಕು ಹಕ್ಕಿಗಳನ್ನು ಬರೆದಿಟ್ಟಿದ್ದರು. ಆ ಊರಿಗೆ ನೀರು ಬಂತು, ಮೂವತ್ತೊಂದು ಬಗೆಯ ಹಕ್ಕಿಗಳೂ ಬಂದವು. ಅಲ್ಲಿನ ವರದಿಗಾರ್ತಿ ರಾಜವ್ವ ಈಗ ಸಭೆಗೊಂದು ಗರಿ ಮುಡಿದುಕೊಂಡು ಬರುತ್ತಾಳೆ. ನಾನು ಕಡತ ನೋಡುವವಳಂತೆ ಗರಿ ಎಣಿಸುತ್ತೇನೆ.

ನಮ್ಮ ಇದ್ದಪಟ್ಟಿ ನಿಮ್ಮದು. ಕೆರೆಯಂಗಳದಲ್ಲಿ ಬಸ್ ನಿಲ್ದಾಣ ಕಟ್ಟಲು ಸೋಮವಾರದೊಳಗೆ ವರದಿ ಕೊಡಿ ಎಂದು ನಿಮಗೆ ಹೇಳಿದ್ದಾರೆ. ನೀವು ಯಾವುದೋ ಬಂದರಿನ ವರದಿ ತಂದು, ಊರ ಹೆಸರಷ್ಟೇ ಬದಲಿಸಿ, ಕಡತಕ್ಕೆ ಕಡಲು ನುಗ್ಗಿಸಿದ್ದೀರಿ. ನಿಮ್ಮ ಪ್ರಕಾರ ತೊರೆಗಲ್ಲಿನ ಕೆರೆಯಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಬಯಲುಸೀಮೆಯಲ್ಲಿ, ಸ್ವಾಮಿ. ನಮ್ಮ ನೀರಿನ ಅರ್ಜಿಯ ವಿಚಾರಣೆಯಲ್ಲಿ ಅಧ್ಯಕ್ಷರು ನಗಲೂ ಇಲ್ಲ. ಹತ್ತು ದಿನದೊಳಗೆ ಸರಿಯಾದ ಪಟ್ಟಿ ತನ್ನಿ, ಇಲ್ಲವಾದರೆ ಕೆರೆಯ ಹೆಸರನ್ನೇ ಹೊಡೆದುಹಾಕುತ್ತೇವೆ ಎಂದರು. ಹೊಡೆದ ಹೆಸರಿಗೆ ಮುಂದೆಂದೂ ನೀರಿಲ್ಲ. ಹೊರಗೆ ಬಂದರೆ ರಾಜವ್ವ ಎಲ್ಲರೆದುರು ಕೇಳಿದಳು: "ಯವ್ವಾ ಇಂಚರಾ, ನಿಮ್ಮ ಆಮಿ ಎಲ್ಲೀತನಕ ಬಂದಾವ? ಘಟ್ಟ ಹತ್ಯಾವೇನು?"

ರಾಜವ್ವನ ಮೇಲಿನ ಹೊಟ್ಟೆಕಿಚ್ಚು ಸಣ್ಣದು. ದೊಡ್ಡದು ನಿಮ್ಮ ಮೇಲಿದೆ. ನಿಮ್ಮ ಕೊಠಡಿಯ ಕಿಟಕಿ ಕೆರೆಗೇ ತೆರೆಯುತ್ತದೆ. ನೀರಿನ ಹೊಳಪು ಕಣ್ಣಿಗೆ ಹೊಡೆಯುತ್ತದೆ, ಪರದೆ ಹಾಕಿಸಿಕೊಡಿ ಎಂದು ನೀವು ಕೊಟ್ಟ ಅರ್ಜಿ ನನ್ನ ಬಳಿ ಇದೆ. ನೀರು ಕಣ್ಣಿಗೆ ಹೊಡೆಯುವುದೆಂದರೆ ಹೇಗಿರುತ್ತದೆಂದು ತಿಳಿಯಲು ನಾನು ಆ ಅರ್ಜಿಯನ್ನು ಎಷ್ಟು ಸಲ ಓದಿದ್ದೇನೋ.

ನಿಲ್ದಾಣ ನಿಲ್ಲಿಸಿ ಎನ್ನುವುದಿಲ್ಲ. ಅದು ನಿಮ್ಮ ಕೈಯಲ್ಲಿಲ್ಲವೆಂದು ಬಲ್ಲೆ. ವರದಿ ಸೋಮವಾರದವರೆಗೆ ಇನ್ನೂ ನಿಮ್ಮ ಕೈಯಲ್ಲಿದೆ. ಶನಿವಾರ ಬೆಳಿಗ್ಗೆ ಒಂದು ತಾಸು ದಂಡೆಗೆ ಹೋಗಿ. ಬಲೆ ಒಣಗಿಸುವವರನ್ನು ಕೇಳಿ, ಅವರು ಹೇಳಿದ ಹೆಸರುಗಳನ್ನು ಹೇಳಿದಂತೆಯೇ ಬರೆಯಿರಿ. ಹತ್ತು ಹೆಸರಾದರೂ ಸಾಕು.

ಇನ್ನೊಂದೇ ಬೇಡಿಕೆ, ನಿಯಮದಲ್ಲಿಲ್ಲದ್ದು. ಅಲ್ಲಿ ಕೂತಾಗ ದಯವಿಟ್ಟು ಕಾಲನ್ನು ನೀರಿಗೆ ಇಳಿಬಿಡಬೇಡಿ. ಅಷ್ಟನ್ನು ನನ್ನಿಂದ ತಾಳಲಾಗದು.

ಇಂತಿ,
ಇಂಚರಾ ಕುಂಬಾರ