ಗೇಟಿನ ಮುಂದಿನ ಬೂಟುಗಳು

ಶು ಜಂಕ್ಷನ್
ಮಾರ್ಚ್ ೨೯, ಶುಕ್ರವಾರ

ನನ್ನ ಒಂಟೆಮರಿ ಮಿರಾಸ್,

ಮೊದಲು ನಿನ್ನ ಹಣೆಗೊಂದು ಮುತ್ತು. ನಾನು ಚೆನ್ನಾಗಿದ್ದೀನಿ, ಮಂಡಿನೋವು ಬಿಟ್ಟರೆ ಬೇರೆ ಕಾಯಿಲೆ ಇಲ್ಲ. ಮೊನ್ನೆಯೇ ಬರೆಯೋಕೆ ಕೂತಿದ್ದೆ, ಎರಡು ಸಾಲು ಬರೆದು ಹರಿದುಹಾಕಿ ಎದ್ದುಬಿಟ್ಟೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಈಗಿನ ಕಾಲದಲ್ಲಿ ಕಾಗದ ಯಾರು ಬರೀತಾರೆ ಅಂತ ನಗಲೂಬೇಡ. ಹಬ್ಬಕ್ಕೆ ನಿನ್ನ ಸಿನಿಮಾ ಬಿಡುಗಡೆಯಾದ ಮಾರನೇ ದಿನದಿಂದ ನಿನ್ನ ಫೋನು ಆಫ್. ಎಷ್ಟು ಸಲ ಮಾಡಿದರೂ ಅದರೊಳಗಿರೋ ಹೆಂಗಸು ಮೊದಲು ಕಝಕ್‌ನಲ್ಲಿ, ಆಮೇಲೆ ರಷ್ಯನ್‌ನಲ್ಲಿ, ನೀನು ಸಿಗುತ್ತಿಲ್ಲ ಅಂತ ಹೇಳುತ್ತಾಳೆ. ಅವಳ ಜೊತೆ ಜಗಳ ಆಡಿ ಏನು ಉಪಯೋಗ.

ಅದಕ್ಕೇ ಈ ಕಾಗದ ರೈಸಾ ಕೈಲಿ ಕಳಿಸುತ್ತಿದ್ದೀನಿ. ನಾನೂ ಅವಳೂ ಒಂದೇ ಬೋಗಿ ನೋಡಿಕೊಂಡು, ಪ್ರಯಾಣಿಕರಿಗೆ ಚಹಾ ಹಂಚಿ, ಕುಡುಕರನ್ನು ಬೈದು ಮಲಗಿಸಿ, ಅರ್ಧ ಆಯಸ್ಸು ಕಳೆದವರು. ನಾನು ನಿವೃತ್ತಿಯಾದೆ, ಅವಳು ಇನ್ನೂ ಆಲ್ಮಾಟಿ ಗಾಡಿಯಲ್ಲೇ ಇದ್ದಾಳೆ. ಸ್ಟೇಷನ್ನಿಗೆ ಬಂದು ತಗೊಂಡು ಹೋಗು ಅಂತ ಹೇಳೋಣ ಅಂದರೆ ನಿನಗೆ ಹೇಳೋದು ಹೇಗೆ? ಅದಕ್ಕೆ ಅವಳೇ ನಿನ್ನ ಮನೆ ಬಾಗಿಲಿಗೆ ಬರುತ್ತಾಳೆ. ಚೀಲದಲ್ಲಿ ಒಣಗಿಸಿದ ಮೊಸರುಂಡೆ ಇದೆ, ಕುದುರೆ ಮಾಂಸದ ಕಝಿ ಇದೆ, ನಿನ್ನೆ ಕರಿದ ಹಿಟ್ಟಿನುಂಡೆ ಬೌರ್ಸಾಕ್ ಇದೆ. ಅಡಿಯಲ್ಲಿ ನಿನ್ನ ಅಪ್ಪನ ಉಣ್ಣೆ ಬೂಟು ಇದೆ. ಯಾಕೆ ಅಂತ ಈಗಲೇ ಕೇಳಬೇಡ.

ಸಿನಿಮಾ ನೋಡಿದೆ. ಪಕ್ಕದ ಮನೆ ಬಲ್ಝಾನ್, ಅವಳ ಮಗಳು ಅಕ್ಮಾರಲ್, ನಾನು, ಮೂವರೂ ಹೋಗಿದ್ದೆವು. ಟಾಕೀಸಿನಲ್ಲಿ ನಿಲ್ಲೋಕೂ ಜಾಗ ಇರಲಿಲ್ಲ. ಅರ್ಧ ಜನ ನಿನ್ನ ಬೂದುಹದ್ದಿನ ಪಾತ್ರದ ಥರ ಬೂದು ಮುಖವಾಡ ಹಾಕಿಕೊಂಡು ಬಂದಿದ್ದರು. ನಮ್ಮ ತರಕಾರಿ ಅಂಗಡಿಯವನು ರಟ್ಟಿನ ರೆಕ್ಕೆ ಕಟ್ಟಿಕೊಂಡಿದ್ದ, ಬಾಗಿಲಲ್ಲಿ ಸಿಕ್ಕಿಕೊಂಡು ಎಲ್ಲರ ಹತ್ತಿರ ಬೈಸಿಕೊಂಡ. ನಾನು ಬೂದುಹದ್ದಿನ ತಾಯಿ ಅಂತ ಗೊತ್ತಾಗಿ ನನಗೆ ನಡುಸಾಲಿನಲ್ಲಿ ಕುರ್ಚಿ ಬಿಟ್ಟುಕೊಟ್ಟರು. ಮೊದಲನೇ ಭಾಗ, ಎರಡನೇ ಭಾಗ ನೋಡಿದಾಗ ನಾನೂ ಶಿಳ್ಳೆ ಹೊಡೆದವಳೇ. ಈ ಸಲವೂ ಹೊಡೆಯೋಣ ಅಂತಲೇ ಹೋಗಿದ್ದೆ.

ಆ ಕೊನೆಯ ದೃಶ್ಯ ಬಂತು. ಊರೆಲ್ಲ ಉಳಿಯಿತು, ಶತ್ರು ಸತ್ತ, ಎಲ್ಲ ಮುಗಿಯಿತು. ನೀನು ಒಬ್ಬನೇ ಅಣೆಕಟ್ಟಿನ ಅಂಚಿಗೆ ಬಂದು ಕೂತೆ. ಒಂದು ಬೂಟು ಬಿಚ್ಚಿದೆ. ಇನ್ನೊಂದು ಬಿಚ್ಚಿದೆ. ಎರಡನ್ನೂ ಅಕ್ಕಪಕ್ಕ ಇಟ್ಟೆ. ಆಮೇಲೆ ಎದ್ದು ಕೈಚಾಚಿ ಹಾಗೇ ಮುಂದಕ್ಕೆ ಬಾಗಿದೆ, ರೆಕ್ಕೆ ಬಿಚ್ಚಲಿಲ್ಲ. ಪರದೆ ಮೇಲೆ ಬೂಟು ಮಾತ್ರ ಉಳಿದವು. ಹಿಂದಿನ ಸಾಲಿನಲ್ಲಿ ಯಾರೋ 'ಬಿಚ್ಚೋ, ರೆಕ್ಕೆ ಬಿಚ್ಚೋ' ಅಂತ ಅಳುತ್ತಿದ್ದ. ನಾನು ಎದ್ದು ನಿಂತಿದ್ದೆನಂತೆ. ಬಲ್ಝಾನ್ ಹೇಳಿದ್ದು, ನನಗೆ ನೆನಪಿಲ್ಲ. ನನ್ನ ಕೈ ಹಿಡಿದು ಕೂರಿಸಿ ಅವಳು ಅಂದಳು, 'ಕುಲ್ಯಾಶ್, ಅದು ಪರದೆ ಕಣೇ. ನಿನ್ನ ಮಗ ಅಲ್ಲಿ ಬಿರಿಯಾನಿ ತಿಂತಾ ಕೂತಿರ್ತಾನೆ.' ಅವಳು ಯಾವಾಗಲೋ ತಾಷ್ಕೆಂಟ್‌ನಲ್ಲಿ ಒಂದು ಸಲ ಬಿರಿಯಾನಿ ತಿಂದಿದ್ದಾಳೆ, ಶ್ರೀಮಂತರೆಲ್ಲ ಅದನ್ನೇ ತಿನ್ನೋದು ಅಂದುಕೊಂಡಿದ್ದಾಳೆ.

ಮಾರನೇ ದಿನದಿಂದ ಶುರುವಾಯಿತು. ನಿನ್ನ ಅಭಿಮಾನಿಗಳಲ್ಲಿ ಎರಡು ಪಂಗಡ ಆಗಿದೆ ಮಗನೇ. ಒಬ್ಬರು ಅಳೋರು, ಇನ್ನೊಬ್ಬರು ಸಿಟ್ಟಿನವರು. ಅಳೋರೇ ಮೊದಲು ಬಂದರು. ಸ್ಕೂಲು ಹುಡುಗಿಯರು, ಮದುವೆಯಾದ ಹೆಂಗಸರು, ಲಾರಿ ಓಡಿಸೋರು. ಗೇಟಿನ ಹತ್ತಿರ ಹೂವಿಟ್ಟರು, ಸರಿ. ಆಮೇಲೆ ಒಬ್ಬ ಬೂಟು ಇಟ್ಟ. ಅವನನ್ನು ನೋಡಿ ಇನ್ನೊಬ್ಬ ಇಟ್ಟ. ಹಳೆಯವು, ಹೊಸವು, ಹೀಲ್ಸ್, ಮಕ್ಕಳ ಶೂಸು, ಎಲ್ಲ ಜೋಡಿ ಜೋಡಿಯಾಗಿ, ಮೂತಿ ರಸ್ತೆ ಕಡೆಗೆ. ನೋಡಿದವರು ಇದು ಸಾವಿನ ಮನೆ, ಒಳಗೆ ಜನ ಕೂತಿದ್ದಾರೆ ಅಂತಲೇ ಅಂದುಕೊಳ್ಳಬೇಕು. ನಾನು ಪೊರಕೆ ಹಿಡಿದು ಹೋದೆ. 'ನಿಮ್ಮ ಮನೇಲಿ ತಿಪ್ಪೆ ಇಲ್ವಾ, ನನ್ನ ಬಾಗಿಲೇ ಬೇಕಿತ್ತಾ' ಅಂದೆ. ಒಬ್ಬಳು ಹುಡುಗಿ ಕಣ್ಣೊರೆಸಿಕೊಂಡು, 'ಇದು ಗೌರವ ಅಜ್ಜಿ. ಆ ಬೂಟಿನ ಸೀನು ಎಷ್ಟು ಚೆನ್ನಾಗಿದೆ ಗೊತ್ತಾ, ಅಂಥ ಯೋಚನೆ ಯಾರಿಗೆ ಬರುತ್ತೆ' ಅಂದಳು. ನಾನು ಒಳಗೆ ಬಂದು ಕದ ಹಾಕಿಕೊಂಡೆ.

ಇವತ್ತು ಶುಕ್ರವಾರ ಅಲ್ಲವಾ, ಬೆಳಿಗ್ಗೆ ಆ ಅಳೋರೇ ಶೆಲ್ಪೆಕ್ ಕರಿದು ತಂದಿದ್ದರು. ಸತ್ತವರ ಹೆಸರಿನಲ್ಲಿ ಕರಿಯೋ ಏಳು ರೊಟ್ಟಿ, ನನ್ನ ಮಗನ ಹೆಸರಿನಲ್ಲಿ, ನನ್ನ ಕೈಗೇ ಕೊಡೋಕೆ ಬಂದಿದ್ದಾರೆ. ನಾನು ಮುಟ್ಟಲಿಲ್ಲ. 'ಇದು ಬೂದುಹದ್ದಿಗೆ ಅಜ್ಜಿ, ಮಿರಾಸ್ ಅಣ್ಣನಿಗಲ್ಲ' ಅಂತ ಸಮಾಧಾನ ಮಾಡಿದರು. ಮೇಲೆ ಕೂತು ಆಯಸ್ಸು ಹಂಚೋನಿಗೆ ಆ ವ್ಯತ್ಯಾಸ ಗೊತ್ತಾಗುತ್ತಾ ಅಂತ ಕೇಳಿದೆ. ಪಾಪ, ರೊಟ್ಟಿ ಎತ್ತಿಕೊಂಡು ತಲೆ ತಗ್ಗಿಸಿ ಹೋದರು.

ಸಿಟ್ಟಿನವರದು ಇನ್ನೊಂದು ಕಥೆ. ತರಾಝ್‌ನಿಂದ ಕಾರು ಮಾಡಿಕೊಂಡು ನಾಲ್ಕು ಜನ ಬಂದಿದ್ದರು. ಅದರಲ್ಲಿ ಒಬ್ಬ ದಡಿಯ, ತೋಳಿನ ಮೇಲೆ ಹದ್ದಿನ ಹಚ್ಚೆ. 'ಎಲ್ಲಿ ನಿನ್ನ ಮಗ? ನಮ್ಮ ಹದ್ದನ್ನ ಅವನೇ ಕೊಂದಿದಾನೆ' ಅಂತ ಗೇಟು ಗುದ್ದಿದ. ನಾನು ರೈಲಿನಲ್ಲಿ ಇವನಂಥವರನ್ನು ಎಷ್ಟೋ ನೋಡಿದ್ದೀನಿ. 'ನಿರ್ದೇಶಕನ್ನ ಕೇಳು ಹೋಗಪ್ಪ' ಅಂದೆ. ಆಗ ಅವನು ಫೋನು ತೆಗೆದು ನನ್ನ ಮುಖಕ್ಕೆ ಹಿಡಿದ. ಬಿಡುಗಡೆಯ ದಿನ ನೀನು ಕೊಟ್ಟ ಸಂದರ್ಶನ. ನೀನು ನಗುತ್ತಾ ಹೇಳುತ್ತಿದ್ದೆ, 'ಬರೆದಿದ್ದ ಕಥೆಯಲ್ಲಿ ಅವನು ಬದುಕಿ ಮನೆಗೆ ಹೋಗುತ್ತಾನೆ. ಸಾಯಲಿ ಅಂತ ಹಟ ಹಿಡಿದವನು ನಾನೇ. ಬೂಟೂ ನಾನೇ ಸೇರಿಸಿದ್ದು. ಅವನಿಗೆ ಸುಸ್ತಾಗಿತ್ತು.'

ದಡಿಯ ಕೇಳಿದ, 'ಸುಸ್ತಾದ್ರೆ ಮಲಗ್ಬೇಕು, ಸಾಯ್ಬೇಕಾ? ನೀನೇ ಹೇಳಜ್ಜಿ.' ಕೇಳುತ್ತಾ ಕೇಳುತ್ತಾ ಗೋಡೆಗೆ ಒರಗಿ ಗಳಗಳ ಅತ್ತುಬಿಟ್ಟ. ಅವನಿಗೆ ಚಹಾ ಕೊಟ್ಟು ಕಳಿಸಿದೆ. ಬಾಕಿಯವರು ಹೋಗುವಾಗ ಗೇಟಿನ ಮೇಲೆ ಸುಣ್ಣದಲ್ಲಿ 'ದ್ರೋಹಿ' ಅಂತ ಬರೆದು ಹೋದರು. ಒರೆಸಿದೆ, ಸರಿಯಾಗಿ ಹೋಗಿಲ್ಲ. ಅವರ ಹೆದರಿಕೆ ನನಗೆ ಅಷ್ಟಿಲ್ಲ. ನೀನು ನಗುತ್ತಾ ಹೇಳಿದೆಯಲ್ಲ, ಆ ನಗುವಿನ ಹೆದರಿಕೆ ನನಗೆ. ಯಾರಿಗೆ ಸುಸ್ತಾಗಿತ್ತು, ಮಿರಾಸ್?

ಈಗ ಮಂಗಳವಾರದ ವಿಷಯ ಹೇಳುತ್ತೀನಿ. ಅದು ಹೇಳೋಕೆ ಅಂತಲೇ ಬರೆಯುತ್ತಿದ್ದೀನಿ.

ನಿನ್ನ ಅಭಿಮಾನಿಗಳು ಮುಖವಾಡ ಇಲ್ಲದ ನಿನ್ನ ಫೋಟೋ ಹಾಕಿ, ಕೆಳಗೆ 'ಇವನಿಗೆ ಸ್ವರ್ಗ ಸಿಗಲಿ' ಅಂತ ಬರೆದು ಎಲ್ಲ ಕಡೆ ಹಂಚಿದ್ದಾರೆ. ಅದು ಸುತ್ತಿ ಸುತ್ತಿ ನಿನ್ನ ಅಪ್ಪನ ಕಡೆಯ ನೆಂಟರ ಫೋನಿಗೂ ಬಂದಿದೆ. ಅವರಲ್ಲಿ ಸಿನಿಮಾ ನೋಡಿದವರು ಯಾರಿದ್ದಾರೆ? ನಿನಗೆ ಫೋನು ಮಾಡಿದ್ದಾರೆ, ಆಫ್. ನನಗೆ ಮಾಡಬಹುದಿತ್ತು ಅಂತೀಯ. ಹೇಗೆ ಮಾಡುತ್ತಾರೆ? ಮಗ ಸತ್ತ ಅಂತ ತಾಯಿಗೆ ಫೋನಿನಲ್ಲಿ ಹೇಳೋ ಪದ್ಧತಿ ನಮ್ಮಲ್ಲಿದೆಯಾ? ನಿಜವಾ ಅಂತ ವಿಚಾರಿಸೋದೂ ತಪ್ಪು. ಹಿರಿಯರು ಸೇರಿ ಮನೆಗೆ ಬರಬೇಕು, ಕೂತು ಸುತ್ತಿ ಬಳಸಿ ಮಾತಾಡಿ, ಮೆಲ್ಲಗೆ ಕಿವಿಗೆ ಹಾಕಬೇಕು. ಬೇರೆಯವರ ಬಾಯಿಂದ ಅವಳಿಗೆ ಗೊತ್ತಾಗೋ ಮುಂಚೆ ಹೋಗಿಬಿಡೋಣ ಅಂತ ಪಾಪ ಅವರಿಗೆ ಅವಸರ. ಸಾವಿನೂಟಕ್ಕೆ ಅಂತ ಕುರಿಯನ್ನೂ ಕಡಿಸಿಯೇ ಹೊರಟಿದ್ದರು.

ನಾನು ಬೆಳಿಗ್ಗೆ ಹಿಟ್ಟು ಕಲಸುತ್ತಿದ್ದೆ. ಮೂವರು ಹಿರಿಯರು ಒಳಗೆ ಬಂದರು, ಮುಂದೆ ನಿನ್ನ ಅಪ್ಪನ ದೊಡ್ಡಪ್ಪ. ಅವರ ಹೆಸರು ನಾನು ಬಾಯಲ್ಲಿ ಹೇಳೋ ಹಾಗಿಲ್ಲ, ಬರೆಯೋ ಹಾಗೂ ಇಲ್ಲ, ನಿನಗೆ ಗೊತ್ತಲ್ಲ, ಬಿಳಿಗಡ್ಡದ ಮಾವ. ಗೇಟಿನ ಹತ್ತಿರ ಅಷ್ಟು ಬೂಟು ನೋಡಿ, ಆಗಲೇ ಜನ ಸೇರಿದ್ದಾರೆ, ತಡವಾಯಿತು ಅಂತ ಅವರ ಮುಖ ಕಪ್ಪಿಟ್ಟಿತ್ತಂತೆ. ನಾನು ಚಹಾಕ್ಕೆ ಎದ್ದೆ. 'ಚಹಾ ಆಮೇಲೆ ಆಗ್ಲಿ ಸೊಸೇ, ಕೂತ್ಕೋ' ಅಂದರು. ಬಿಳಿಗಡ್ಡದ ಮಾವ ಯಾವತ್ತಾದರೂ ಚಹಾ ಬೇಡ ಅಂದಿದ್ದುಂಟಾ?

ಕೂತೆ. ಅವರು ನೆಲ ನೋಡುತ್ತಾ ಶುರು ಮಾಡಿದರು. 'ಎಂಥಾ ಕುದುರೆ ಆದ್ರೂ ಒಂದಿನ ಗೊರಸು ಸವೀತದೆ ಸೊಸೇ. ಎಂಥಾ ಹೊಳೆ ಆದ್ರೂ ಎಲ್ಲೋ ಒಂದ್ಕಡೆ ಮರಳಲ್ಲಿ ಇಂಗ್ತದೆ. ಕೊಟ್ಟೋನು ಅವನು...'

ನಿನ್ನ ಅಪ್ಪ ಹಳಿಯ ಮೇಲೆ ಸತ್ತಾಗಲೂ ಇದೇ ಧಾಟಿಯಲ್ಲಿ ನನಗೆ ಹೇಳಿದ್ದರು. ಈ ಮಾತು ಬೇರೆ ಯಾವುದಕ್ಕೂ ಆಡೋದಿಲ್ಲ. ಗಂಡ ಇಲ್ಲ, ಅಪ್ಪ ಅಮ್ಮ ಇಲ್ಲ. ನನಗೆ ಇನ್ನು ಉಳಿದಿರೋದು ಯಾರು? ಕೈಯಲ್ಲಿ ಹಿಟ್ಟು ಹಾಗೇ ಇತ್ತು. ನಾನು ಒಂದು ಮಾತು ಕೇಳಿದೆ. ಅವರು ಮೂವರೂ ಮುಖ ಮುಖ ನೋಡಿಕೊಂಡರು. ಏನು ಕೇಳಿದೆ ಅನ್ನೋದು ಈಗ ಬೇಡ. ನನಗೆ ಬುದ್ಧಿ ಕೆಟ್ಟಿತು ಅಂದುಕೊಂಡು ಬಿಳಿಗಡ್ಡದ ಮಾವ ಅಳೋಕೆ ಶುರು ಮಾಡಿದರು. ಆ ವಯಸ್ಸಿನ ಗಂಡಸು ಅಷ್ಟು ಜೋರಾಗಿ ಅತ್ತಿದ್ದು ನಾನು ಕೇಳಿರಲಿಲ್ಲ.

ಆ ಸದ್ದಿಗೆ ಅಕ್ಮಾರಲ್ ಓಡಿ ಬಂದಳು. ವಿಷಯ ಕೇಳಿದವಳೇ ಹಣೆ ಚಚ್ಚಿಕೊಂಡಳು. 'ಅಯ್ಯೋ ತಾತ, ಸಿನಿಮಾದಲ್ಲಿ ಸತ್ತಿದ್ದು. ಮಿರಾಸ್ ಅಣ್ಣ ಬದುಕಿದ್ದಾನೆ, ಸಿನಿಮಾದಲ್ಲಿ ಮಾತ್ರ ಸತ್ತ.' ಅವರಿಗೆ ಅದು ತಲೆಗೆ ಹೋಗೋಕೆ ಹೊತ್ತು ಬೇಕಾಯಿತು. ಆಮೇಲೆ ಮಾವ ಕಣ್ಣೊರೆಸಿಕೊಂಡು, 'ಹಂಗಂದ್ರೆ ಸಿನಿಮಾದೋರು ಸಾಯಿಸೋ ಮುಂಚೆ ಮನೆ ಹಿರಿಯರಿಗೆ ಒಂದು ಮಾತು ಹೇಳ್ಬಾರ್ದಾ? ನಾನು ಕುರಿ ಕಡಿಸ್ಬಿಟ್ಟೆ' ಅಂದರು. ಬಲ್ಝಾನ್ ನಕ್ಕಳು, ಎಲ್ಲರೂ ನಕ್ಕರು. ಸುಳ್ಳು ಸುದ್ದಿ ಬಂದವನ ಆಯಸ್ಸು ಗಟ್ಟಿ ಅಂತ ನಿನಗೆ ಆಶೀರ್ವಾದ ಮಾಡಿದರು. ಆ ಕುರಿಯನ್ನೇ ಬೇಯಿಸಿ ಎಲ್ಲರೂ ಉಂಡರು. ನಾನು ಉಣ್ಣಲಿಲ್ಲ, ಪಾತ್ರೆ ತೊಳೆಯೋಕೆ ಎದ್ದೆ.

ಮಧ್ಯಾಹ್ನ ನಿನ್ನ ಸಿನಿಮಾ ಆಫೀಸಿಗೆ ಫೋನು ಮಾಡಿಸಿದೆ. ಆ ಹುಡುಗಿ, 'ಇದಾರಮ್ಮ, ನಿನ್ನೆ ಸಂಜೆ ನಮ್ಮ ಡ್ರೈವರ್ ಕಿಟಕೀಲಿ ನೋಡಿದ್ನಂತೆ. ಯಾರಿಗೂ ಬಾಗಿಲು ತೆಗೀತಿಲ್ಲ. ಅಭಿಮಾನಿಗಳ ಕಾಟಕ್ಕೆ ಬೇಸರ ಆಗಿರ್ಬೇಕು' ಅಂದಳು. ಇದ್ದಾನೆ ಅಂದಳಲ್ಲ, ಅಷ್ಟಕ್ಕೆ ನಿನಗೆ ಬೌರ್ಸಾಕ್ ಕರಿಯೋ ಶಕ್ತಿ ಬಂತು. ಆದರೆ ಬೇಸರ ಆಗಿರಬೇಕು ಅನ್ನೋ ಮಾತು ಇನ್ನೂ ಎದೆಯಲ್ಲಿ ಕೂತಿದೆ. ರೈಸಾಗೆ ನಾನು ಹೇಳಿದ್ದೀನಿ, ಕಾಗದ ಬಾಗಿಲಡಿಯಿಂದ ಒಳಗೆ ತಳ್ಳು, ಬಾಗಿಲು ತೆಗೆಯೋವರೆಗೂ ಕದಲಬೇಡ ಅಂತ. ಅವಳು ಒಂದು ಟ್ರಿಪ್ಪು ರಜೆ ಹಾಕಿದ್ದಾಳೆ. ಅವಳ ಬಾಯಿ ನಿನಗೆ ಗೊತ್ತು, ತೆಗೆಯದಿದ್ದರೆ ಇಡೀ ಕಟ್ಟಡವನ್ನೇ ಎಬ್ಬಿಸುತ್ತಾಳೆ.

ಮಗನೇ, ಮನೆಗೆ ಬಾ. ಅವಳ ಜೊತೆಗೇ ಬಾ. ಇಲ್ಲಿ ಯಾರೂ ನಿನ್ನನ್ನು ಏನೂ ಕೇಳದ ಹಾಗೆ ನಾನು ನೋಡಿಕೊಳ್ಳುತ್ತೀನಿ. ಬೇಕಾದಷ್ಟು ದಿನ ಮಲಗು. ಇನ್ನು ಸಿನಿಮಾ ಮಾಡಲ್ಲ ಅಂದರೆ ಬೇಡ, ಮಾತಾಡಲ್ಲ ಅಂದರೂ ಬೇಡ. ನನ್ನ ಕಣ್ಣಿಗೆ ಕಾಣುತ್ತಾ ಇರು, ಸಾಕು. ನಿನ್ನ ದಾರಿಯಲ್ಲಿ ಬರೋ ಕೆಟ್ಟದ್ದೆಲ್ಲ ನನ್ನ ಮೇಲೆ ಬರಲಿ, ನನ್ನ ಪಾಲಿನ ವರ್ಷಗಳು ನಿನಗೆ ಸೇರಲಿ.

ನಿನ್ನ ಅಮ್ಮ,
ಕುಲ್ಯಾಶ್

ಮತ್ತೆ: ಕಾಗದ ಲಕೋಟೆಗೆ ಹಾಕಿ ಅಂಟಿಸಿದ್ದೆ, ಹರಿದು ತೆಗೆದೆ. ಇದನ್ನು ಹೇಳದೆ ಕಳಿಸಿದರೆ ಏನೂ ಹೇಳಿದ ಹಾಗಾಗಲ್ಲ.

ಹೋದ ವರ್ಷ ಚಳಿಗಾಲದಲ್ಲಿ ನೀನು ಬಂದಿದ್ದೆಯಲ್ಲ, ಮಧ್ಯಾಹ್ನ ಊಟಕ್ಕೆ ಕರೆಯೋಕೆ ನಿನ್ನನ್ನು ಹುಡುಕುತ್ತಾ ಹೊಳೆಯ ರೈಲ್ವೆ ಸೇತುವೆ ಹತ್ತಿರ ಬಂದೆ. ನೀನು ಕಂಬಿ ಹಿಡಿದು ನಿಂತಿದ್ದೆ. ಬೂಟು ಎರಡೂ ಹಿಮದ ಮೇಲೆ ಅಕ್ಕಪಕ್ಕ ಇದ್ದವು. ನಾನು ನೋಡಿದೆ. 'ಕಾಲು ಸೆಕೆಯಾಯ್ತಮ್ಮ' ಅಂದೆ ನೀನು. 'ಊಟ ಆರಿಹೋಗುತ್ತೆ ಬಾ' ಅಂದೆ ನಾನು. ಮನೆಗೆ ಬಂದೆವು, ಉಂಡೆವು, ನೀನೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆವತ್ತಿನಿಂದ ಫೋನು ಬಂದಾಗಲೆಲ್ಲ ಎತ್ತೋ ಮುಂಚೆ ನಿನ್ನ ಹೆಸರು ಹೇಳಿಕೊಳ್ಳುತ್ತೀನಿ. ಟಾಕೀಸಿನಲ್ಲಿ ಅಷ್ಟು ಜನ ಅತ್ತರಲ್ಲ, ಆ ಬೂಟನ್ನು ಮೊದಲೇ ನೋಡಿದ್ದವಳು ನಾನೊಬ್ಬಳೇ.

ಮಂಗಳವಾರ ಮಾವ ಕುದುರೆ, ಹೊಳೆ ಅಂತ ಶುರು ಮಾಡಿದಾಗ ಇನ್ನೂ ಯಾರ ಹೆಸರೂ ಹೇಳಿರಲಿಲ್ಲ. ನಾನು ಕೇಳಿದ್ದು ಇಷ್ಟು: 'ಬೂಟು ಕಾಲಲ್ಲಿತ್ತಾ, ಬಿಚ್ಚಿಟ್ಟಿದ್ನಾ?'

ಅಪ್ಪನ ಬೂಟು ನಿನ್ನ ಅಳತೆಗೆ ಸರಿಹೋಗುತ್ತೆ. ರೈಸಾ ಬಾಗಿಲ ಹೊರಗೇ ನಿಂತಿದ್ದಾಳೆ. ಹಾಕಿಕೊಂಡು ಬಾ.